ಬ್ರೇಕ್ ಒತ್ತಿದರೆ ಎಡಗಡೆ ಲೈಟ್ ಆರುತ್ತೆ ಅಂದ್ರೆ ಬಲ್ಬ್ ಬಿಡಿ, ಅರ್ಥ್ ನೋಡಿ

ವೈರಿಂಗ್ ಕೀಳಿಸಬೇಡಿ ಮಾರಾಯ್ರೇ, ಸ್ವಲ್ಪ ತಡೀರಿ.

ನೀವು ಬರೆದಿರೋದು ಇಷ್ಟು: 2007ರ ಪಿಕಪ್, ಎಡಗಡೆ ಬ್ರೇಕ್ ಲೈಟ್ ಹತ್ತಲ್ಲ, ಎರಡು ಸಲ ಬಲ್ಬ್ ಹಾಕಿಸಿದ್ರೂ ಅಷ್ಟೇ. ರಾತ್ರಿ ಪಾರ್ಕಿಂಗ್ ಲೈಟ್ ಹಾಕಿದ್ರೆ ಎಡಗಡೆಯದು ಸ್ವಲ್ಪ ಮಂಕಾಗಿ ಉರಿಯುತ್ತೆ, ಬ್ರೇಕ್ ಒತ್ತಿದ ಕೂಡಲೇ ಅದೂ ಆರುತ್ತೆ. ಬಲಗಡೆ ಸರಿಯಾಗಿದೆ. ಹಿಂದಿನ ವೈರಿಂಗ್ ಪೂರ್ತಿ ಹೊಸದು ಎಳೀಬೇಕು ಅಂತ ಎಲೆಕ್ಟ್ರಿಷಿಯನ್ ಹೇಳಿದ್ದಾರೆ, ಎಫ್‌ಸಿ (ಆರ್‌ಟಿಒ ಫಿಟ್‌ನೆಸ್ ಸರ್ಟಿಫಿಕೇಟ್) ಬೇರೆ ಹತ್ತಿರ ಬಂದಿದೆ.

"ಬ್ರೇಕ್ ಒತ್ತಿದರೆ ಆರುತ್ತೆ" ಅಂದ್ರಲ್ಲ, ಅಲ್ಲೇ ಉತ್ತರ ಇದೆ. ಆ ಲೈಟಿಗೆ ಅರ್ಥ್, ಅಂದ್ರೆ ಕರೆಂಟ್ ಚಾಸಿ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ದಾರಿ, ಸಿಗ್ತಾ ಇಲ್ಲ.

ಹಿಂದಿನ ಬಲ್ಬ್ ಒಂದೇ ಆದ್ರೂ ಒಳಗೆ ಉರಿಯೋ ತಂತಿ (ಫಿಲಮೆಂಟ್) ಎರಡು ಇರುತ್ತೆ: ಪಾರ್ಕಿಂಗಿಗೆ 5 ವ್ಯಾಟಿನದು, ಬ್ರೇಕಿಗೆ 21 ವ್ಯಾಟಿನದು. ಎರಡಕ್ಕೂ ಕರೆಂಟ್ ಬೇರೆ ಬೇರೆ ವೈರಿಂದ ಬರುತ್ತೆ, ವಾಪಸ್ ಹೋಗೋ ದಾರಿ ಮಾತ್ರ ಒಂದೇ. ಬಲ್ಬಿನ ಹಿತ್ತಾಳೆ ಮೈ, ಅಲ್ಲಿಂದ ಹೋಲ್ಡರ್, ಹೋಲ್ಡರಿಂದ ಚಾಸಿಗೆ. ಆ ದಾರಿ ಕಟ್ಟಾದ್ರೆ ಪಾರ್ಕಿಂಗ್ ಕರೆಂಟ್ ಕಳ್ಳದಾರಿ ಹಿಡಿಯುತ್ತೆ. ಬ್ರೇಕಿನ ತಂತಿ ಒಳಗೆ ನುಗ್ಗಿ, ಬ್ರೇಕ್ ವೈರಲ್ಲಿ ಹಿಂದಕ್ಕೆ ಹೋಗಿ, ಬಲಗಡೆ ಬಲ್ಬಿನ ಮೂಲಕ ಅರ್ಥ್ ಸೇರುತ್ತೆ. ಅದಕ್ಕೇ ಮಂಕಾಗಿ ಉರಿಯೋದು. ನೀವು ಬ್ರೇಕ್ ಒತ್ತಿದಾಗ ಆ ಕಡೆಯಿಂದಲೂ 12 ವೋಲ್ಟ್ ಬಂದು ನಿಲ್ಲುತ್ತೆ. ಅಬ್ಬಿ ನೀರಿನ ಪೈಪ್ ಎರಡೂ ತುದಿ ಒಂದೇ ಎತ್ತರಕ್ಕೆ ಹಿಡಿದ ಹಾಗೆ. ನೀರಿದೆ, ಹರಿಯಲ್ಲ. ಲೈಟ್ ಆರಿತು.

ಪರೀಕ್ಷೆಗೆ ಐದು ನಿಮಿಷ ಸಾಕು. ಎಡಗಡೆ ಲೈಟಿನ ಗ್ಲಾಸ್ ಬಿಚ್ಚಿ. ಒಂದು ಮೊಳ ವೈರ್ ತಗೊಂಡು ಒಂದು ತುದಿ ಹೋಲ್ಡರಿನ ಲೋಹದ ಮೈಗೆ, ಇನ್ನೊಂದು ತುದಿ ಚಾಸಿಯಲ್ಲಿ ಎಲ್ಲಾದ್ರೂ ಪೇಂಟ್ ಕೆರೆದ ಜಾಗಕ್ಕೆ ಒತ್ತಿ ಹಿಡೀರಿ, ಯಾರಿಗಾದ್ರೂ ಬ್ರೇಕ್ ತುಳಿಯೋಕೆ ಹೇಳಿ. ಝಗ್ ಅಂತ ಹತ್ತಿದ್ರೆ ಹೊಸ ವೈರಿಂಗ್ ಮಾತೇ ಬೇಡ.

ಇಷ್ಟು ಧೈರ್ಯವಾಗಿ ಹೇಳ್ತಿರೋದು ನಾನೂ ಇದೇ ಗುಂಡಿಗೆ ಬಿದ್ದಿದ್ದಕ್ಕೆ. ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ, ಗೊಬ್ಬರ ಹೊರೋ 2004ರ ಪಿಕಪ್. ಒಂದು ಮಳೆಗಾಲ ಶಿವಮೊಗ್ಗದಿಂದ ಬರ್ತಾ ಮಂಡಗದ್ದೆ ಹತ್ತಿರ ದನ ಅಡ್ಡ ಬಂತು ಅಂತ ಬ್ರೇಕ್ ಹಾಕಿದೆ. ಹಿಂದಿದ್ದ ಬೈಕಿನ ಹುಡುಗ ಗಾಡಿಯ ಹಿಂಭಾಗಕ್ಕೆ ಮುತ್ತಿಡೋದೊಂದು ಬಾಕಿ. "ಎಂತ ಮಾರಾಯ್ರೇ, ಬ್ರೇಕ್ ಹಾಕಿದ್ರೆ ಇದ್ದ ಲೈಟೂ ಆರ್ತದೆ" ಅಂತ ಬೈದೇ ಹೋದ. ಮಾರನೇ ದಿನ ಒಬ್ಬ ಮೆಕ್ಯಾನಿಕ್ ಬಲ್ಬ್ ಹಾಕಿದ, ಆಮೇಲೆ ಪೆಡಲ್ ಹತ್ತಿರದ ಸ್ವಿಚ್ ಹಾಕಿದ. ಬಲಗಡೆ ಹತ್ತುವಾಗ ಸ್ವಿಚ್ಚಿಗೆ ಏನಾಗಿರುತ್ತೆ? ಆಗ ನನಗೂ ಹೊಳೀಲಿಲ್ಲ, ದುಡ್ಡು ಕೊಟ್ಟು ಬಂದೆ.

ಕೊನೆಗೆ ನಾನೇ ಗಾಡಿ ಅಡಿ ನುಗ್ಗಿದೆ. ಎಡಗಡೆ ಲೈಟಿನ ಹಿಂದೆ ಚಾಸಿಗೆ ಒಂದು ಸಣ್ಣ ಬೋಲ್ಟ್, ಅದರಲ್ಲಿ ಕಪ್ಪು ಅರ್ಥ್ ವೈರಿನ ಲಗ್ (ವೈರಿನ ತುದಿಗೆ ಒತ್ತಿ ಕೂರಿಸೋ ಲೋಹದ ಬಳೆ). ಮೇಲೆ ಕೆಸರು, ಅಡಿಕೆ ಸಿಪ್ಪೆಯ ನಾರು ಹೆಪ್ಪುಗಟ್ಟಿತ್ತು. ಸ್ಕ್ರೂಡ್ರೈವರಲ್ಲಿ ಕೆದಕಿದೆ. ಲಗ್ ಮೇಲೆ ಹಸಿರು ಕಿಲುಬು, ಬೋಲ್ಟಿನ ತಲೆ ಅರ್ಧ ತಿಂದುಹೋಗಿತ್ತು. ಬೆರಳಲ್ಲಿ ಮುಟ್ಟಿದ್ದಕ್ಕೇ ವೈರ್ ಕಳಚಿ ಕೈಗೆ ಬಂತು.

ಆ ಬೋಲ್ಟ್ ಮಾತ್ರ ಯಾಕೆ ಅಷ್ಟು ತಿಂದುಹೋಯ್ತು ಅಂತ ಯೋಚಿಸಿದಾಗ ಗೊತ್ತಾಯ್ತು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯೋ ಕಾಲದಲ್ಲಿ ಮೈಲುತುತ್ತ, ಅಂದ್ರೆ ತಾಮ್ರದ ಉಪ್ಪು, ಕರಗಿಸಿದ ಡ್ರಮ್ಮನ್ನ ನಾನು ಗಾಡಿಯಲ್ಲೇ ತೋಟಕ್ಕೆ ಒಯ್ತಿದ್ದೆ, ಸುಣ್ಣ ಅಲ್ಲಿ ಬೆರೆಸೋದು. ಡ್ರಮ್ ಇಡ್ತಿದ್ದಿದ್ದು ಎಡ ಮೂಲೆಯಲ್ಲಿ. ಏರಿನಲ್ಲಿ ತುಳುಕಿದ್ದೆಲ್ಲ ಹಲಗೆ ಸಂದಿಯಿಂದ ಕೆಳಗೆ ಇಳೀತಿತ್ತು. ದ್ರಾವಣ ಹದವಾಗಿದೆಯಾ ಅಂತ ಚಾಕು ಅದ್ದಿ ನೋಡ್ತೀವಲ್ಲ, ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ? ತಾಮ್ರ ಕೂರುವಾಗ ಅಷ್ಟು ಕಬ್ಬಿಣ ಕರಗಿ ಹೋಗುತ್ತೆ. ನನ್ನ ಬೋಲ್ಟಿಗೂ ಅದೇ ಆಗಿದ್ದು. ನೀವು ಗೊಬ್ಬರ ಹೊರೋರಾದ್ರೆ ಪೊಟ್ಯಾಶಿನ ಉಪ್ಪಿನಂಶವೂ ಕಬ್ಬಿಣ ತಿನ್ನುತ್ತೆ.

ರಿಪೇರಿ ಹೀಗೆ ಮಾಡಿ. ಬ್ಯಾಟರಿ ನೆಗೆಟಿವ್ ಬಿಚ್ಚಿ. ಹಳೇ ಲಗ್ ಕತ್ತರಿಸಿ, ವೈರಿನ ಎಳೆ ಹೊಳೆಯೋ ತಾಮ್ರ ಕಾಣೋವರೆಗೆ ಹಿಂದಕ್ಕೆ ಸುಲಿಯಿರಿ. ಒಳಗೂ ಕಪ್ಪಾಗಿದ್ರೆ ಇನ್ನೂ ಹಿಂದೆ. ಹೊಸ ಲಗ್ ಹಾಕಿ ಒತ್ತಿ, ಚಾಸಿ ಜಾಗ ಉಪ್ಪುಕಾಗದದಲ್ಲಿ ಬೆಳ್ಳಗೆ ಉಜ್ಜಿ, ಹೊಸ ಬೋಲ್ಟ್, ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿ. ಆಮೇಲೆ ಮೇಲಿಂದ ಗ್ರೀಸ್ ಮೆತ್ತಿ. ಮೊದಲೇ ಪೇಂಟ್ ಬಳಿದು ಅದರ ಮೇಲೆ ಬೋಲ್ಟ್ ಹಾಕೋರು ಇದ್ದಾರೆ, ಮತ್ತೆ ಅದೇ ಕತೆ. ಹೋಲ್ಡರ್ ಒಳಗೂ ತುಕ್ಕಿದ್ರೆ ಕೆರೆಯೋ ಬದಲು ಹೋಲ್ಡರೇ ಹೊಸದು ಹಾಕಿ.

ಮೀಟರ್ ಇಟ್ಟು "12 ತೋರಿಸ್ತದೆ, ವೈರ್ ಸರಿ ಇದೆ" ಅನ್ನೋರನ್ನ ಪೂರ್ತಿ ನಂಬಬೇಡಿ. ಹತ್ತು ಎಳೆಯಲ್ಲಿ ಒಂದೇ ಎಳೆ ಉಳಿದಿದ್ರೂ ಮೀಟರ್ 12 ತೋರಿಸುತ್ತೆ, ಮೀಟರಿಗೆ ಬೇಕಾಗೋ ಕರೆಂಟ್ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಬ್ರೇಕ್ ಬಲ್ಬಿಗೆ ಹತ್ತಿರ ಹತ್ತಿರ ಎರಡು ಆಂಪಿಯರ್ ಬೇಕು. ಹಳೇ ಬಲ್ಬಿಗೆ ಎರಡು ವೈರ್ ಬೆಸೆದು ಟೆಸ್ಟ್ ಲ್ಯಾಂಪ್ ಮಾಡ್ಕೊಳ್ಳಿ, ಅದು ಸುಳ್ಳು ಹೇಳಲ್ಲ.

ವೈರ್ ಹಿಡಿದಾಗಲೂ ಹತ್ತಲಿಲ್ಲ ಅಂದ್ರೆ ಬಲ್ಬ್ ಕೂರಿಸಿದ್ದು ನೋಡಿ. ಆ ಬಲ್ಬಿನ ಎರಡು ಮೊಳೆ ಒಂದು ಮೇಲೆ ಒಂದು ಕೆಳಗೆ ಇರುತ್ತೆ, ತಿರುಗಾ ಮುರುಗಾ ಒತ್ತಿ ತುರುಕಿದ್ರೆ ಪಾರ್ಕಿಂಗ್, ಬ್ರೇಕ್ ಅದಲು ಬದಲಾಗುತ್ತೆ. ಒಂದೇ ತಂತಿಯ ಇಂಡಿಕೇಟರ್ ಬಲ್ಬ್ ಹಾಕಿದ್ರಂತೂ ಕೇಳೋದೇ ಬೇಡ.

ಮುಂದೆ ಯಾವಾಗಾದ್ರೂ ಎರಡೂ ಕಡೆ ಒಟ್ಟಿಗೆ ಹೋದ್ರೆ ಆಗ ಫ್ಯೂಸ್, ಪೆಡಲ್ ಸ್ವಿಚ್ ನೋಡಿ. ಸ್ವಿಚ್ಚಿನ ಎರಡು ವೈರ್ ಕಿತ್ತು ಒಂದಕ್ಕೊಂದು ತಾಗಿಸಿದಾಗ ಲೈಟ್ ಹತ್ತಿದ್ರೆ ಸ್ವಿಚ್ ಹೋಗಿದೆ. ಫ್ಯೂಸ್ ಹಾರಿದ್ದಕ್ಕೆ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಬೇಡಿ, ವೈರ್ ಸುಟ್ಟು ಹೊಗೆ ಬಂದ ಗಾಡಿ ನೋಡಿದ್ದೀನಿ.

8 ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ ವರ್ಷ ವರ್ಷ ಇದ್ದೇ ಇದೆ. ಹೋಗೋ ಹಿಂದಿನ ರಾತ್ರಿ ಗಾಡಿಯ ಹಿಂಭಾಗ ಕೊಟ್ಟಿಗೆ ಗೋಡೆಗೆ ತಿರುಗಿಸಿ ನಿಲ್ಲಿಸಿ, ಪಾರ್ಕಿಂಗ್ ಹಾಕಿ ಬ್ರೇಕ್ ಒತ್ತಿ. ತುಳಿಯೋಕೆ ಜನ ಬೇಡ, ಕನ್ನಡಿಯಲ್ಲೇ ಗೋಡೆ ಮೇಲೆ ಎರಡು ಕೆಂಪು ಮಚ್ಚೆ ಒಂದೇ ಸಮ ಕಾಣುತ್ತೆ.