ಎಷ್ಟು ಹಾಕಿದರೂ ಸಾಲದ ಮಗ, ಸಾಕು ಅನ್ನುವ ಮಗಳು

ತುಮಕೂರು ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರ ಮಾತಲ್ಲೇ ಚಿಕ್ಕದಾಗಿ ಹೇಳಿದರೆ ಇಷ್ಟು:

"ಮಗನಿಗೆ 15 ವರ್ಷ, ಎಸ್ಸೆಸ್ಸೆಲ್ಸಿ. ಬೆಳಿಗ್ಗೆ ಮೂರು ಇಡ್ಲಿ ತಿಂದು ಚಿತ್ರಾನ್ನದ ಡಬ್ಬಿ ತಗೊಂಡು ಹೋಗ್ತಾನೆ. ಐದನೇ ಕ್ಲಾಸಿಂದ ಅದೇ ಡಬ್ಬಿ, ಒಂದಗುಳು ಬಿಡದೆ ಖಾಲಿ ಮಾಡ್ಕೊಂಡು ಬರ್ತಾನೆ. ನಾಲ್ಕೂವರೆಗೆ ಬಂದವನು ಬ್ಯಾಗ್ ಎಸೆದು ಸೀದಾ ಅಡುಗೆಮನೆಗೆ ನುಗ್ಗೋದು. ಮಧ್ಯಾಹ್ನ ಮಿಕ್ಕ ಅನ್ನ ಪೂರ್ತಿ ಹೋಗುತ್ತೆ. ಕಬಡ್ಡಿ ಆಡಿ ಬಂದು ರಾತ್ರಿ ಎರಡು ಮುದ್ದೆ, ಅದರ ಮೇಲೆ ಅನ್ನ. ಹತ್ತು ಗಂಟೆಗೆ ಬಿಸ್ಕತ್ತಿನ ಡಬ್ಬಕ್ಕೆ ಕೈ. ನಮ್ಮತ್ತೆ ಹೊಟ್ಟೇಲಿ ಹುಳ ಇದೆ ಅಂತಾರೆ. ಯಜಮಾನರು, ನಮ್ಮ ಕಾಲದಲ್ಲಿ ಒಂದು ಮುದ್ದೆ ಉಂಡು ಹೊಲ ಉಳ್ತಿದ್ವಿ ಅಂತಾರೆ. ಬೆಳೆಯೋ ಹುಡುಗನಿಗೆ ಒಂದು ಊಟಕ್ಕೆ ಎಷ್ಟು ಹಾಕಬೇಕು, ಲೆಕ್ಕ ಹೇಳಿ. ಮಗಳಿಗೆ 13, ಸರ್ಕಾರಿ ಶಾಲೆ, ಎಂಟನೇ ಕ್ಲಾಸು. ಅವಳದ್ದೇನೂ ತಾಪತ್ರಯ ಇಲ್ಲ. ಬೆಳಿಗ್ಗೆ ಕಾಫಿ ಕುಡಿದು ಹೋಗ್ತಾಳೆ, ರಾತ್ರಿ ನನ್ನ ಜೊತೆ ಕೊನೆಗೆ ಕೂತು ಸ್ವಲ್ಪ ಉಂಡು ಸಾಕು ಅಂತಾಳೆ."

ನಮಸ್ಕಾರ ಅಮ್ಮ,

ಲೆಕ್ಕ ಕೇಳಿದ್ದೀರಿ, ಲೆಕ್ಕದಿಂದಲೇ ಶುರು ಮಾಡ್ತೀನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಎನ್‌ಐಎನ್ ಅಂತಾರಲ್ಲ, ಅದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆ ಸೇರಿ 2020ರಲ್ಲಿ ಒಂದು ಪಟ್ಟಿ ಮಾಡಿದೆ. ಅದರ ಪ್ರಕಾರ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 2860 ಕ್ಯಾಲೊರಿ ಬೇಕು. 16 ತುಂಬಿದ ಮೇಲೆ 3320. ಅಂದರೆ ನಿಮ್ಮ ಮಗ ಮುಂದಿನ ವರ್ಷ ಇನ್ನೂ ಜಾಸ್ತಿ ತಿನ್ನುತ್ತಾನೆ, ಈಗಲೇ ಹೇಳಿಬಿಡ್ತೀನಿ. ಕೂತು ಕೆಲಸ ಮಾಡುವ ದೊಡ್ಡ ಗಂಡಸಿಗೆ ಅದೇ ಪಟ್ಟಿ ಹೇಳೋದು 2110. ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂರುವ ನಿಮ್ಮ ಯಜಮಾನರು ಈ ಲೆಕ್ಕಕ್ಕೆ ಬರ್ತಾರೆ. ಮಗನ ತಟ್ಟೆಯಲ್ಲಿ ಅಪ್ಪನ ತಟ್ಟೆಗಿಂತ ಜಾಸ್ತಿ ಇರೋದು ಹೊಟ್ಟೆಬಾಕತನ ಅಲ್ಲ, ಅದೇ ಸರಿಯಾದದ್ದು.

ಯಾಕೆ ಅಷ್ಟು ಅಂತ ಕೇಳಬಹುದು. ಈ ವಯಸ್ಸಲ್ಲಿ ಹುಡುಗರು ಜೋರಾಗಿ ಬೆಳೆಯುವ ಆ ಒಂದು ವರ್ಷದಲ್ಲಿ ಒಂಬತ್ತು ಹತ್ತು ಸೆಂಟಿಮೀಟರ್ ಎತ್ತರ ಆಗ್ತಾರೆ. ಮೂಳೆ, ಮಾಂಸಖಂಡ, ರಕ್ತ ಎಲ್ಲಾ ಒಟ್ಟಿಗೆ ಹೆಚ್ಚಾಗಬೇಕು. ಅದರ ಮೇಲೆ ಕಬಡ್ಡಿ ಬೇರೆ. ಎಲ್ಲಾ ವಾರ ಒಂದೇ ಥರ ಹಸಿವೂ ಇರಲ್ಲ. ಹದಿನೈದು ದಿನ ಮನೆ ಖಾಲಿ ಮಾಡ್ತಾನೆ, ಆಮೇಲೆ ಸ್ವಲ್ಪ ದಿನ ಸುಮ್ನಿರ್ತಾನೆ, ಮತ್ತೆ ಶುರು.

ಈಗ ನಿಮ್ಮ ಪತ್ರದಲ್ಲೇ ಇರುವುದನ್ನು ಕೂಡಿಸಿ ನೋಡೋಣ. ಬೆಳಿಗ್ಗೆ ಮೂರು ಇಡ್ಲಿ, ಚಟ್ನಿ: ಹೆಚ್ಚೆಂದರೆ 300 ಕ್ಯಾಲೊರಿ. ಡಬ್ಬಿಯ ಚಿತ್ರಾನ್ನ, ಒಗ್ಗರಣೆಯ ಎಣ್ಣೆ ಕಡಲೆಬೀಜ ಎಲ್ಲಾ ಸೇರಿ 400 ಅಂತಿಟ್ಟುಕೊಳ್ಳಿ. ಅಲ್ಲಿಗೆ ಸಂಜೆ ನಾಲ್ಕೂವರೆ ತನಕ ಆ ಹುಡುಗನ ಹೊಟ್ಟೆಗೆ ಬಿದ್ದದ್ದು 700. ಬೇಕಾಗಿದ್ದದ್ದು 2860. ಇನ್ನೂ ಎರಡು ಸಾವಿರ ಬಾಕಿ! ಅಡುಗೆಮನೆಗೆ ನುಗ್ಗದೆ ಇನ್ನೇನು ಮಾಡ್ತಾನೆ ಹೇಳಿ. ರಾತ್ರಿಯದ್ದೂ ಅಷ್ಟೇ. ಒಂದು ಮುದ್ದೆಗೆ 75 ಗ್ರಾಂ ರಾಗಿಹಿಟ್ಟು ಹಿಡಿದರೆ ಸುಮಾರು 240 ಕ್ಯಾಲೊರಿ, ಎರಡಕ್ಕೆ 480. ಮುಕ್ಕಾಲು ಲೋಟ ಅಕ್ಕಿಯ ಅನ್ನ, ಸಾರು, ಮಜ್ಜಿಗೆ ಸೇರಿದರೆ ಒಂಬೈನೂರು ಚಿಲ್ಲರೆ. 2860ನ್ನು ಮೂರು ಹೊತ್ತಿಗೆ ಹಂಚಿದರೆ ಒಂದು ಹೊತ್ತಿಗೆ ಬರೋದೇ 950. ನೀವು ಗಾಬರಿಯಾಗಿ ಬರೆದಿರೋ ಆ ರಾತ್ರಿ ಊಟ ಇದೆಯಲ್ಲ, ಅವನು ಇಡೀ ದಿನದಲ್ಲಿ ಅಳತೆಗೆ ಸರಿಯಾಗಿ ಉಣ್ಣುವ ಊಟ ಅದೊಂದೇ.

ಹಾಗಾಗಿ ತೊಂದರೆ ರಾತ್ರಿದಲ್ಲ, ಬೆಳಗಿನದ್ದು ಮತ್ತು ಡಬ್ಬಿಯದ್ದು. ಐದನೇ ಕ್ಲಾಸಿಂದ ಅದೇ ಡಬ್ಬಿ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಐದನೇ ಕ್ಲಾಸಿನ ಶರ್ಟು ಈಗ ಹಾಕಿಸ್ತೀರಾ? ಒಂದಗುಳು ಉಳಿಸದೆ ಬರ್ತಾನೆ ಅಂದರೆ ಶಿಸ್ತು ಅಂತ ಅಂದ್ಕೋಬೇಡಿ, ಸಾಲ್ತಿಲ್ಲ ಅಂತ ಅರ್ಥ. ಎರಡು ಅಂತಸ್ತಿನ ಕ್ಯಾರಿಯರ್ ಕೊಡಿಸಿ. ಮೇಲಿನದರಲ್ಲಿ ಕಾಳಿನ ಪಲ್ಯವೋ ಮೊಸರನ್ನವೋ ಇರಲಿ. ಹುಡುಗರು ದೊಡ್ಡ ಕ್ಯಾರಿಯರ್ ತಗೊಂಡು ಹೋಗೋಕೆ ನಾಚ್ಕೋತಾರೆ, ನಿಜ. ಹಾಗಾದ್ರೆ ಎರಡು ಬೇರೆ ಬೇರೆ ಡಬ್ಬಿ ಮಾಡಿ, ಒಂದು ಹನ್ನೊಂದು ಗಂಟೆ ಬಿಡುವಿಗೆ, ಒಂದು ಊಟಕ್ಕೆ. ಹನ್ನೊಂದರ ಡಬ್ಬಿಗೆ ಏನೂ ಹೊಸದು ಮಾಡಬೇಕಾಗಿಲ್ಲ, ಒಂದು ಹಿಡಿ ಹುರಿದ ಕಡಲೆಬೀಜ, ಎರಡು ತುಂಡು ಬೆಲ್ಲ, ಒಂದು ಬಾಳೆಹಣ್ಣು ಸಾಕು. ಬೆಳಿಗ್ಗೆ ಮೂರಿದ್ದ ಇಡ್ಲಿ ಐದೋ ಆರೋ ಆಗಲಿ, ಜೊತೆಗೊಂದು ಲೋಟ ಹಾಲು. ಸಂಜೆ ಬಂದಾಗ ತಣ್ಣಗಿನ ಅನ್ನ ಹುಡುಕೋ ಬದಲು ಅವಲಕ್ಕಿಯೋ ರೊಟ್ಟಿಯೋ ತಯಾರಿದ್ದರೆ ಇನ್ನೂ ಒಳ್ಳೇದು. ಆಗೋದಿಲ್ಲ ಅಂದರೆ ಆ ಅನ್ನಕ್ಕೇ ಮೊಸರು ಹಾಕಿ ಕೊಡಿ, ಅದೂ ಊಟವೇ. ಇಷ್ಟು ಮಾಡಿದ ಮೇಲೂ ಹತ್ತು ಗಂಟೆಗೆ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿದರೆ ಆಗ ಬೇರೆ ಮಾತು. ಬಹುಶಃ ಹಾಕಲ್ಲ.

ಎಷ್ಟು ಮುದ್ದೆಗೆ ನಿಲ್ಲಿಸಬೇಕು ಅಂತ ಮಾತ್ರ ನಾನು ಹೇಳಲ್ಲ. ಅವನ ಹಸಿವಿಗೆ ಬಿಡಿ. "ಇನ್ನೂ ಬೇಕಾ?" ಅಂತ ಹುಬ್ಬೇರಿಸಿ ಕೇಳಿದರೆ ಮನೆಯಲ್ಲಿ ಉಣ್ಣೋದು ಬಿಟ್ಟು ಬಸ್‌ಸ್ಟ್ಯಾಂಡ್ ಪಕ್ಕದ ಗೋಬಿ ಮಂಚೂರಿ ಗಾಡಿ ಹತ್ತಿರ ನಿಲ್ತಾನೆ, ಆಗ ಲೆಕ್ಕ ಪೂರ್ತಿ ಕೈತಪ್ಪುತ್ತೆ. ದಪ್ಪ ಆಗ್ತಾನಾ ಅನ್ನೋ ಭಯ ಇದ್ದರೆ ಅವನ ಪ್ಯಾಂಟು ನೋಡಿ. ಮೊದಲು ಉದ್ದ ಸಾಲದೆ ಕಾಲು ಕಾಣಿಸ್ತಿದೆಯೋ, ಮೊದಲು ಸೊಂಟ ಬಿಗಿಯಾಗ್ತಿದೆಯೋ? ಉದ್ದ ಸಾಲದೆ ಬಂದರೆ ನಿಶ್ಚಿಂತೆಯಿಂದ ಬಡಿಸಿ. ಸೊಂಟ ಬಿಗಿಯಾಗ್ತಿದ್ದರೆ ಮುದ್ದೆ ಕಡಿಮೆ ಮಾಡೋ ಮೊದಲು ಪ್ಯಾಕೆಟ್ಟು, ಬಾಟಲಿ ಪಾನೀಯ, ಬೇಕರಿ ನಿಲ್ಲಿಸಿ.

ಹುಳದ ಮಾತಿಗೆ ಬರ್ತೀನಿ. ಅತ್ತೆಯವರ ಮಾತನ್ನ ಪೂರ್ತಿ ತಳ್ಳಿಹಾಕಲ್ಲ. ಶಾಲೆಗಳಲ್ಲಿ ವರ್ಷಕ್ಕೆ ಎರಡು ಸಲ ಆಲ್ಬೆಂಡಜೋಲ್ ಮಾತ್ರೆ ಕೊಡ್ತಾರೆ, ಫೆಬ್ರುವರಿ ಮತ್ತು ಆಗಸ್ಟಿನಲ್ಲಿ. ತಪ್ಪಿಸಿಕೊಂಡಿದ್ದರೆ ನಿಮ್ಮೂರ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದಲ್ಲೋ ಕೇಳಿ ಕೊಡಿಸಿ. ಆದರೆ ಹುಳ ಇದ್ದ ಮಕ್ಕಳು ಸಾಮಾನ್ಯವಾಗಿ ಮಂಕಾಗ್ತಾರೆ, ಹಸಿವೇ ಕಡಿಮೆ ಆಗೋದೂ ಉಂಟು, ಕಬಡ್ಡಿ ಆಡಿ ಬಂದು ಎರಡು ಮುದ್ದೆ ಮುರಿಯಲ್ಲ. ನಿಜವಾಗಿ ಎಚ್ಚರ ಇರಬೇಕಾದದ್ದು ಬೇರೆ: ಸಿಕ್ಕಾಪಟ್ಟೆ ತಿಂದೂ ತೂಕ ಇಳೀತಿದ್ದರೆ, ಪದೇ ಪದೇ ಬಾಯಾರಿಕೆ, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳೋದು ಇದ್ದರೆ ಅವತ್ತೇ ರಕ್ತದ ಸಕ್ಕರೆ ನೋಡಿಸಿ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಹೀಗೇ ಕಾಣಿಸಿಕೊಳ್ಳೋದು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ.

ಯಜಮಾನರ ಒಂದು ಮುದ್ದೆಯ ವಿಷಯ ಅತ್ತೆಯವರನ್ನೇ ಕೇಳಿ, ಆಗ ಅವರ ಮನೆಯಲ್ಲಿ ಕಟ್ಟುತ್ತಿದ್ದ ಮುದ್ದೆ ಎಷ್ಟು ದೊಡ್ಡದಿತ್ತು ಅಂತ. ಉತ್ತರ ಬಂದರೆ ನಮಗೂ ಬರೀರಿ.

ಒಂದು ಮಾತು ಮುದ್ದೆ ಪರವಾಗಿ ಹೇಳಲೇಬೇಕು. ಈ ವಯಸ್ಸಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ಎರಡು ಮುದ್ದೆ ಉಂಡರೆ ಅರ್ಧ ಅಲ್ಲೇ ಬಂತು, ಎರಡು ಲೋಟ ಹಾಲು ಕುಡಿದರೆ ಉಳಿದರ್ಧವೂ ಹೆಚ್ಚುಕಡಿಮೆ ಬಂದ ಹಾಗೆ. ಪಟ್ಟಣದ ನೆಂಟರು ಚಪಾತಿ ಮಾಡಿ ಅಂತ ಹೇಳ್ತಾರೆ ಅಂತ ಬರೆದಿದ್ದೀರಿ. ಮಾಡಿ, ಬೇಡ ಅನ್ನಲ್ಲ, ಮುದ್ದೆ ಮಾತ್ರ ಬಿಡಬೇಡಿ. ಹಾಗೇ ಮಗ ಜಿಮ್ಮಿಗೆ ಹೋಗೋ ಸ್ನೇಹಿತನನ್ನು ನೋಡಿ ಪ್ರೋಟೀನ್ ಪೌಡರ್ ಕೇಳ್ತಿದ್ದಾನೆ ಅಂದಿರಿ. ಅವನಿಗೆ ದಿನಕ್ಕೆ ಬೇಕಾದ ಪ್ರೋಟೀನು 45 ಗ್ರಾಂ. ಅರ್ಧಕ್ಕಿಂತ ಜಾಸ್ತಿ ರಾಗಿ, ಅಕ್ಕಿಯಲ್ಲೇ ಬರುತ್ತೆ. ಒಂದು ಮೊಟ್ಟೆಯಲ್ಲಿ 6, ಲೋಟ ಹಾಲಿನಲ್ಲಿ 6, ಹಿಡಿ ಕಡಲೆಬೀಜದಲ್ಲಿ 7, ಬೇಳೆಕಾಳಿನಲ್ಲಿ ಇನ್ನಷ್ಟು. ಆ ಡಬ್ಬದ ದುಡ್ಡಿಗೆ ತಿಂಗಳುಗಟ್ಟಲೆ ಮೊಟ್ಟೆ ಬರುತ್ತೆ.

ಆದರೆ ಬೇಳೆಕಾಳು ಅಂದಾಗ ಸೌಟು ಎಲ್ಲಿಗೆ ಹೋಗುತ್ತೆ ಅನ್ನೋದು ಮುಖ್ಯ. ಹುರುಳಿಕಾಳಿನ ಸಾರು, ಅವರೆಕಾಳಿನ ಸಾರು ಮಾಡಿದ ದಿನ ಕಾಳೆಲ್ಲ ಪಾತ್ರೆಯ ತಳದಲ್ಲಿರುತ್ತೆ, ಮೇಲೆ ಬರೀ ತಿಳಿ. ಮೊದಲು ಕೂತವರಿಗೆ ತಳಕ್ಕೆ ಸೌಟು ಹಾಕಿ ಗಟ್ಟಿಯಾಗಿ ಬಡಿಸ್ತೀರಿ. ಕೊನೆಗೆ ಕೂತವರಿಗೆ ಏನು ಉಳಿಯುತ್ತೆ? ತಿಳಿಸಾರು, ಅದಕ್ಕೆ ಎರಡು ಲೋಟ ನೀರು ಬೆರೆಸಿ ಕುದಿಸಿದ್ದು. ನಿಮ್ಮ ಮನೆಯಲ್ಲಿ ಕೊನೆಗೆ ಕೂರೋರು ಯಾರು ಅಂತ ನೀವೇ ಬರೆದಿದ್ದೀರಿ.

ಅಮ್ಮ, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪತ್ರ ಓದಿದಾಗ ನನಗೆ ಚಿಂತೆ ಆಗಿದ್ದು ಮಗನದ್ದಲ್ಲ, ಮಗಳದ್ದು. ನಾಲ್ಕು ಪುಟದಲ್ಲಿ ಅವಳ ಪಾಲಿಗೆ ಬಂದಿರೋದು ಎರಡು ಸಾಲು, ಅದರಲ್ಲೂ ತಾಪತ್ರಯ ಇಲ್ಲ ಅಂತ. ಅದೇ ಪಟ್ಟಿ ನೋಡಿ: 13 ವರ್ಷದ ಹುಡುಗಿಗೆ ದಿನಕ್ಕೆ 2400 ಕ್ಯಾಲೊರಿ. ನಿಮ್ಮ ಯಜಮಾನರಿಗಿಂತ ಜಾಸ್ತಿ! ಮನೆಗೆಲಸ, ಓಡಾಟ ಮಾಡುವ ಹೆಂಗಸಿಗೆ 2130, ಅಂದರೆ ನಿಮಗಿಂತಲೂ ಜಾಸ್ತಿ. ಕಬ್ಬಿಣಾಂಶವಂತೂ ಅಣ್ಣನಿಗೆ 22 ಮಿಲಿಗ್ರಾಂ ಸಾಕು, ಅವಳಿಗೆ 30 ಬೇಕು. ತಿಂಗಳು ತಿಂಗಳು ರಕ್ತ ಹೋಗುವ ಮೈ ಅದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19ರ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆ ಸಿಕ್ಕಿದೆ, ಅದೇ ವಯಸ್ಸಿನ ಹುಡುಗರಲ್ಲಿ 31. ಈ 59 ಜನರ ಮನೆಯಲ್ಲೂ ಅಮ್ಮಂದಿರು ಅವಳದ್ದೇನೂ ತಾಪತ್ರಯ ಇಲ್ಲ ಅಂತಲೇ ಅಂದ್ಕೊಂಡಿರ್ತಾರೆ.

ಮಗ ಹಸಿವಾದ್ರೆ ಗಲಾಟೆ ಮಾಡ್ತಾನೆ, ಅವಳು ಸಾಕು ಅಂತಾಳೆ. ಯಾಕೆ ಸಾಕು ಅಂತಾಳೆ ಅನ್ನೋದನ್ನ ಒಮ್ಮೆ ಕೂತು ಕೇಳಿ, ಅಣ್ಣ, ಅಪ್ಪ, ಅಜ್ಜಿ ಯಾರೂ ಇಲ್ಲದಾಗ. ದಪ್ಪ ಆಗಿದ್ದೀಯ ಅಂತ ಯಾರಾದ್ರೂ ಅಂದಿರಬಹುದು. ಅಮ್ಮನಿಗೆ ಸಾಲದೆ ಬರುತ್ತೆ ಅಂತಲೂ ಇರಬಹುದು, ನಿಮ್ಮ ಜೊತೆ ಕೂತು ಪಾತ್ರೆಯಲ್ಲಿ ಎಷ್ಟಿದೆ ಅಂತ ದಿನಾ ನೋಡ್ತಾಳಲ್ವಾ. ನೀವು ಉಣ್ಣೋದನ್ನ ನೋಡಿ ಹೆಂಗಸರ ಊಟ ಇಷ್ಟೇ ಅಂತ ಕಲಿತಿರಲೂಬಹುದು, ಇದಕ್ಕೆ ನೀವೇ ಏನಾದ್ರೂ ಮಾಡಬೇಕು.

ಅವಳ ಶಾಲೆಯಲ್ಲಿ ಬಿಸಿಯೂಟ ಇದೆ. ಎಂಟನೇ ಕ್ಲಾಸಿನವರೆಗಿನ ದೊಡ್ಡ ಮಕ್ಕಳಿಗೆ ಸರ್ಕಾರದ ಲೆಕ್ಕ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ಈಗ ಮೊಟ್ಟೆಯೂ ಇದೆ, ಬೇಡ ಅನ್ನೋರಿಗೆ ಬಾಳೆಹಣ್ಣು. ಪೂರ್ತಿ ತಿಂದರೆ ನಿಮ್ಮ ಮಗನ ಚಿತ್ರಾನ್ನದ ಡಬ್ಬಿಗಿಂತ ಎಷ್ಟೋ ವಾಸಿ. ತಿಂತಾಳಾ, ಇಲ್ಲ ಗೆಳತಿಗೆ ದಾಟಿಸ್ತಾಳಾ, ಕೇಳಿ. ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಾರೆ, ಕಬ್ಬಿಣಾಂಶದ್ದು. ಬಹಳ ಹುಡುಗಿಯರು ಅದನ್ನ ಕಿಟಕಿಯಿಂದಾಚೆ ಎಸೀತಾರೆ, ಹೊಟ್ಟೆ ತೊಳಸುತ್ತೆ ಅಂತ. ಖಾಲಿ ಹೊಟ್ಟೇಲಿ ನುಂಗಿದರೆ ತೊಳಸೋದು ನಿಜ. ಊಟ ಆದ ಮೇಲೆ ನುಂಗಲಿ.

ಬೆಳಗಿನ ಕಾಫಿಯೊಂದೇ ಸಾಲದು, ಜೊತೆಗೆ ಎರಡು ದೋಸೆಯಾದರೂ ಹೋಗಲಿ. ಏಳೋದು ತಡ, ಜಡೆ ಹಾಕಬೇಕು, ಟೈಮಿಲ್ಲ ಅಂತಾಳೆ. ಆಗ ರೊಟ್ಟಿ ಸುತ್ತಿ ಕೈಗೆ ಕೊಡಿ, ಇಲ್ಲ ರಾಗಿಗಂಜಿಗೆ ಹಾಲು ಬೆಲ್ಲ ಹಾಕಿ ಲೋಟದಲ್ಲಿ ಕೊಡಿ. ಕಾಫಿ, ಟೀ ಊಟದ ಜೊತೆಗೆ ಬೇಡ, ಸೊಪ್ಪಿನಲ್ಲಿರೋ ಕಬ್ಬಿಣಾಂಶ ಮೈಗೆ ಹತ್ತೋಕೆ ಬಿಡಲ್ಲ. ಒಂದು ಗಂಟೆ ಆದ ಮೇಲೆ ಕುಡಿದರೆ ಪರವಾಗಿಲ್ಲ. ಬಸ್ಸಾರು, ದಂಟಿನ ಸೊಪ್ಪು, ನುಗ್ಗೆಸೊಪ್ಪು ಮಾಡಿದ ದಿನ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ. ಮತ್ತೆ ಇವತ್ತು ರಾತ್ರಿಯಿಂದಲೇ ಅವಳನ್ನು ಅಣ್ಣನ ಪಕ್ಕದಲ್ಲೇ, ಅದೇ ಹೊತ್ತಿಗೆ ಕೂರಿಸಿ, ಸೌಟು ಇಬ್ಬರಿಗೂ ತಳಕ್ಕೇ ಹೋಗಲಿ. ನಿಮಗೂ ಕಾಳು ತೆಗೆದಿಟ್ಟುಕೊಳ್ಳಿ.

ಈ ತಿಂಗಳಲ್ಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ ಹಿಮೋಗ್ಲೋಬಿನ್ ನೋಡಿಸಿ. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿರೋದು, ಕದ್ದು ಹಸಿ ಅಕ್ಕಿಯೋ ಬಳಪವೋ ಅಗಿಯೋದು, ಇದರಲ್ಲಿ ಯಾವುದಿದ್ದರೂ ತಿಂಗಳು ಕಾಯಬೇಡಿ, ಈ ವಾರವೇ ಹೋಗಿ. ಮುಟ್ಟು ಮೂರು ತಿಂಗಳಿಂದ ನಿಂತಿದ್ದರೂ, ತೂಕ ಇಳಿದಿದ್ದರೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ ಬಂದರೆ ವಾರಕ್ಕೊಂದು ನೀಲಿ ಮಾತ್ರೆ ಸಾಲದು, ಡಾಕ್ಟರ್ ದಿನಾ ತಗೊಳ್ಳೋಕೆ ಬೇರೆ ಬರೆದುಕೊಡ್ತಾರೆ. ಅದನ್ನ ತಿಂಗಳುಗಟ್ಟಲೆ ತಗೋಬೇಕು. ಮಲ ಕಪ್ಪಗಾಗುತ್ತೆ, ಗಾಬರಿ ಬೇಡ, ಮಾತ್ರೆಯಿಂದ ಹಾಗಾಗೋದು. ಹದಿನೈದು ದಿನಕ್ಕೆ ಗೆಲುವಾದಳು ಅಂತ ನಡುವೆ ನಿಲ್ಲಿಸಬೇಡಿ.

— ಸಂ.