ಗುರುತು ಕೇಳುವಲ್ಲಿ ಮುಖ ತೋರಿಸಲಿ, ಬೀದಿಯ ಮುಸುಕಿಗೆ ದಂಡ ಬೇಡ

ಫ್ರಾನ್ಸ್, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಮಾಡಿರುವಂತೆ ಮುಖ ಮುಚ್ಚುವ ಬುರ್ಖಾವನ್ನು ನಮ್ಮಲ್ಲಿಯೂ ಸಾರ್ವಜನಿಕ ಸ್ಥಳಗಳಲ್ಲಿ ಏಕೆ ನಿಷೇಧಿಸಬಾರದು, ದೇಶದ ಭದ್ರತೆಗಿಂತ ಧಾರ್ಮಿಕ ಸ್ವಾತಂತ್ರ್ಯ ದೊಡ್ಡದೇ ಎಂದು ನೀವು ಕೇಳಿದ್ದೀರಿ. ಗುರುತು ಖಚಿತಪಡಿಸಿಕೊಳ್ಳಲೇಬೇಕಾದ ಸ್ಥಳದಲ್ಲಿ ಯಾರೇ ಆಗಲಿ ಮುಖ ತೋರಿಸಬೇಕು, ಅಲ್ಲಿ ಧರ್ಮದ ಹೆಸರಿನಲ್ಲಿ ವಿನಾಯಿತಿ ಕೊಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ರಸ್ತೆಯಲ್ಲಿ ನಡೆದು ಹೋಗುವ, ಕೆ.ಆರ್. ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವ ಹೆಣ್ಣುಮಗಳ ಮುಸುಕನ್ನು ಅಪರಾಧವೆಂದು ಘೋಷಿಸಲು ಭದ್ರತೆಯ ಮಾತು ಸಾಲುವುದಿಲ್ಲ. ದಾವಣಗೆರೆಯಲ್ಲಿ ಬಹುಕಾಲ ಶಿಕ್ಷಕಿಯಾಗಿದ್ದು, ಚುನಾವಣಾ ಕರ್ತವ್ಯದ ಮೇಲೆ ಹಲವು ಬಾರಿ ಮತಗಟ್ಟೆಯಲ್ಲಿ ಕುಳಿತವಳಾಗಿ ಈ ಮಾತು ಹೇಳುತ್ತಿದ್ದೇನೆ.

ಮೊದಲು ಒಂದು ಗೊಂದಲವನ್ನು ಬಗೆಹರಿಸಿಕೊಳ್ಳೋಣ. 2022ರ ಫೆಬ್ರವರಿಯಲ್ಲಿ ಉಡುಪಿಯಿಂದ ಹಬ್ಬಿ ನಮ್ಮ ಹರಿಹರದವರೆಗೂ ಗಲಾಟೆಯೆಬ್ಬಿಸಿ, ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ 3 ದಿನ ರಜೆ ಘೋಷಿಸುವಂತೆ ಮಾಡಿದ ವಿವಾದ ಹಿಜಾಬಿನದು, ಅಂದರೆ ತಲೆ ಮತ್ತು ಕುತ್ತಿಗೆ ಮುಚ್ಚಿ ಮುಖ ಕಾಣುವಂತೆ ಬಿಡುವ ವಸ್ತ್ರದ್ದು. ಆ ವರ್ಷದ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ತೀರ್ಮಾನಿಸಿದ್ದು ತರಗತಿಯ ಸಮವಸ್ತ್ರದ ಪ್ರಶ್ನೆಯನ್ನು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಿದ್ದೂ ಅದೇ ಪ್ರಶ್ನೆಯ ಮೇಲೆ. ಭದ್ರತೆಯ ಚರ್ಚೆಗೆ ಬರುವುದು ಕಣ್ಣು ಮಾತ್ರ ಬಿಟ್ಟು ಮುಖವನ್ನೆಲ್ಲ ಮರೆಸುವ ನಖಾಬ್. ಇವೆರಡನ್ನೂ ಒಂದೇ ಮೂಟೆಗೆ ತುಂಬಿದರೆ ಮುಖ ಕಾಣಿಸುವ ಹುಡುಗಿಯೂ ಭದ್ರತೆಗೆ ಅಪಾಯವೆಂಬಂತೆ ಮಾತು ಹೊರಡುತ್ತದೆ, ಆಗಿನ ದಿನಗಳಲ್ಲಿ ಹೊರಟೂ ಇತ್ತು.

ಈಗ ಮತಗಟ್ಟೆಗೆ ಬರುತ್ತೇನೆ, ಏಕೆಂದರೆ ಮುಖದ ಗುರುತು ಅಲ್ಲಿರುವಷ್ಟು ನಿರ್ಣಾಯಕವಾಗಿ ಬೇರೆಡೆ ಇರುವುದು ಕಡಿಮೆ. ಮತದಾರರ ಪಟ್ಟಿಯಲ್ಲಿ ಭಾವಚಿತ್ರವಿರುತ್ತದೆ. ಮೊದಲನೆಯ ಮತಗಟ್ಟೆ ಅಧಿಕಾರಿ ಕ್ರಮಸಂಖ್ಯೆಯನ್ನೂ ಹೆಸರನ್ನೂ ಅಭ್ಯರ್ಥಿಗಳ ಏಜೆಂಟರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದುತ್ತಾರೆ. ಮುಖ ಮುಚ್ಚಿಕೊಂಡು ಬರುವ ಮಹಿಳೆಯರು ಹೆಚ್ಚಿರುವ ಮತಗಟ್ಟೆಗೆ ಮಹಿಳಾ ಅಧಿಕಾರಿಯೊಬ್ಬರನ್ನು ಹಾಕಿರುತ್ತಾರೆ. ಕೋಣೆಯ ಮೂಲೆಯಲ್ಲಿ ಮರೆಮಾಡಿದ ಜಾಗದಲ್ಲಿ ಆಕೆ ಮುಖವನ್ನು ಭಾವಚಿತ್ರದೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಬೆರಳಿಗೆ ಶಾಯಿ ಬೀಳುವುದು. ಮರೆ ಮಾಡಲು ವಿಶೇಷ ಅನುದಾನವೇನೂ ಬೇಡ, ಸ್ಥಳದಲ್ಲಿಯೇ ಸಿಗುವ ಮಂಚವನ್ನೋ ಬಟ್ಟೆಯನ್ನೋ ಬಳಸಿಕೊಳ್ಳಿ ಎಂದು ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿಗಳ ಕೈಪಿಡಿಯಲ್ಲಿಯೇ ಇದೆ. ಒಮ್ಮೆ ಹರಿಹರದ ಕಡೆಯ ಮತಗಟ್ಟೆಯೊಂದರಲ್ಲಿ ಏಜೆಂಟರೊಬ್ಬರು "ಮೇಡಂ, ನಮ್ಮ ಎದುರಿಗೇ ಮುಖ ತೆಗೆಸಿ" ಎಂದು ಪಟ್ಟು ಹಿಡಿದರು. ನಮ್ಮ ಅಧ್ಯಕ್ಷಾಧಿಕಾರಿ ಶಾಂತವಾಗಿ ನಿಯಮ ಹೇಳಿದರು: ಮತದಾರರ ಗುರುತಿನ ಬಗ್ಗೆ ಅನುಮಾನವಿದ್ದರೆ 2 ರೂಪಾಯಿ ಠೇವಣಿ ಇಟ್ಟು ಆಕ್ಷೇಪಿಸಬಹುದು, ಆಗ ವಿಚಾರಣೆ ನಡೆಸುತ್ತೇನೆ, ಆಕ್ಷೇಪ ಹುಡುಗಾಟದ್ದೆಂದು ಕಂಡರೆ ಹಣ ಹೋಗುತ್ತದೆ. ಏಜೆಂಟರು 2 ರೂಪಾಯಿ ತೆಗೆಯಲಿಲ್ಲ. ಅನುಮಾನಕ್ಕೂ ಅವಮಾನಕ್ಕೂ ನಡುವಿನ ಗೆರೆಯನ್ನು ಆ ಸಣ್ಣ ನಿಯಮ ಎಷ್ಟು ಅಚ್ಚುಕಟ್ಟಾಗಿ ಎಳೆದಿದೆಯೆಂದು ಆಗ ನನಗನಿಸಿತ್ತು.

ಭಾವಚಿತ್ರವೇ ಬೇಡ ಎಂಬ ವಾದವೂ ನ್ಯಾಯಾಲಯಕ್ಕೆ ಹೋಗಿತ್ತು. ಗೋಷಾ, ಅಂದರೆ ಪರದೆ ಪಾಲಿಸುವ ಮಹಿಳೆಯರ ಭಾವಚಿತ್ರವನ್ನು ಮತದಾರರ ಪಟ್ಟಿಯಲ್ಲಿ ಹಾಕಬಾರದೆಂಬ ಅರ್ಜಿಯನ್ನು 2006ರಲ್ಲಿ ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. ಸರಿಯಾದ ನಿರ್ಧಾರವೇ ಅದು. ಇನ್ನೊಂದು ಕಡೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 132ನೇ ಕಲಮು, ಪದ್ಧತಿಯ ಪ್ರಕಾರ ಸಾರ್ವಜನಿಕವಾಗಿ ಕಾಣಿಸಿಕೊಳ್ಳುವಂತೆ ಒತ್ತಾಯಿಸಬಾರದ ಸ್ತ್ರೀಯರಿಗೆ ನ್ಯಾಯಾಲಯದ ಖುದ್ದು ಹಾಜರಿಯಿಂದ ವಿನಾಯಿತಿ ಕೊಡುತ್ತದೆ. ಅದು ಮುಸ್ಲಿಮರಿಗೆಂದೇ ಬರೆದದ್ದಲ್ಲ. ಪರದೆಯ ಪದ್ಧತಿ ಆಗ ಅನೇಕ ಹಿಂದೂ ಮನೆತನಗಳಲ್ಲಿಯೂ ಇತ್ತು. ಮಹಿಳೆಯ ಅಂಗಶೋಧವನ್ನು ಮಹಿಳೆಯೇ, ಸಭ್ಯತೆಗೆ ಭಂಗ ಬಾರದಂತೆ ನಡೆಸಬೇಕೆಂಬುದು ನಮ್ಮ ದಂಡ ಪ್ರಕ್ರಿಯೆಯ ಕಾನೂನಿನಲ್ಲಿ ಮೊದಲಿನಿಂದಲೂ ಇದೆ. ಮುಸುಕನ್ನು ಉಳಿಸಿಕೊಂಡೇ ಮುಖವನ್ನು ಪರಿಶೀಲಿಸುವ ದಾರಿಯನ್ನು ನಾವು ಹೊಸದಾಗಿ ಹುಡುಕಬೇಕಾಗಿಲ್ಲ.

ಹಾಗೆಂದು ಭದ್ರತೆಯ ಆತಂಕ ಬರಿಯ ನೆಪವೆಂದು ನಾನು ತಳ್ಳಿಹಾಕುವುದಿಲ್ಲ. 2015ರಲ್ಲಿ ಕ್ಯಾಮರೂನಿನ ಉತ್ತರ ಭಾಗದಲ್ಲಿ ಬುರ್ಖಾದೊಳಗೆ ಸ್ಫೋಟಕ ಅಡಗಿಸಿಕೊಂಡು ಬಂದವರು ಜನರನ್ನು ಕೊಂದ ಮೇಲೆಯೇ ಅಲ್ಲಿ ನಿಷೇಧ ಬಂದದ್ದು. ಅದೇ ವರ್ಷದ ಜೂನ್ ತಿಂಗಳಲ್ಲಿ ಚಾಡ್ ದೇಶವೂ ನಿಷೇಧಿಸಿತು. ಆದರೆ ಮರುತಿಂಗಳೇ ರಾಜಧಾನಿ ಎನ್‌ಜಮೇನಾದ ಮಾರುಕಟ್ಟೆಯಲ್ಲಿ ಬುರ್ಖಾ ತೊಟ್ಟ ಗಂಡಸೊಬ್ಬ ತನ್ನನ್ನು ಸ್ಫೋಟಿಸಿಕೊಂಡ. ಸಾಯಲು ಸಿದ್ಧನಾಗಿ ಬಂದವನಿಗೆ ದಂಡದ ರಸೀದಿಯ ಭಯವಿರುವುದಿಲ್ಲ. ಶ್ರೀಲಂಕಾದಲ್ಲಿ 2019ರ ಏಪ್ರಿಲ್ 21ರ ಈಸ್ಟರ್ ದಾಳಿಯ ನಂತರ, ತುರ್ತು ಪರಿಸ್ಥಿತಿಯ ನಿಯಮದಡಿ ಮುಖಪರದೆಯನ್ನು ನಿಷೇಧಿಸಿದರು. ಆದರೆ ನೆಗೊಂಬೊ ಚರ್ಚಿನ ಸಿಸಿಟಿವಿಯಲ್ಲಿ ಜಗತ್ತು ಕಂಡದ್ದು ಬೆನ್ನಿಗೆ ಚೀಲ ಹಾಕಿಕೊಂಡು, ಮುಖ ತೆರೆದುಕೊಂಡೇ ನಡೆದು ಬಂದ ಯುವಕನನ್ನು. ಇವೆಲ್ಲಕ್ಕಿಂತ ನನಗೆ ಹೆಚ್ಚು ಪಾಠವೆನಿಸುವುದು 2007ರ ಜುಲೈನಲ್ಲಿ ಇಸ್ಲಾಮಾಬಾದಿನ ಲಾಲ್ ಮಸೀದಿಗೆ ಭದ್ರತಾ ಪಡೆಗಳು ಹಾಕಿದ ಮುತ್ತಿಗೆಯ ವೇಳೆ ನಡೆದದ್ದು. ಮಸೀದಿಯ ಧರ್ಮಗುರು ಅಬ್ದುಲ್ ಅಜೀಜ್ ಸ್ವತಃ ಬುರ್ಖಾ ತೊಟ್ಟು, ಹೊರಗೆ ಬರುತ್ತಿದ್ದ ಹೆಂಗಸರ ಜೊತೆ ಸೇರಿಕೊಂಡು ತಪ್ಪಿಸಿಕೊಳ್ಳಲು ನೋಡಿದರು, ಮಹಿಳಾ ಪೊಲೀಸರ ತಪಾಸಣೆಯಲ್ಲಿ ಸಿಕ್ಕಿಬಿದ್ದರು. ಪಾಕಿಸ್ತಾನದಲ್ಲಿ ಬುರ್ಖಾ ನಿಷೇಧವಿರಲಿಲ್ಲ. ತಪಾಸಣೆ ಮಾಡಬೇಕಾದ ಜಾಗದಲ್ಲಿ ಮಾಡಬೇಕಾದವರು ಇದ್ದರು.

ನೀವು ಉದಾಹರಿಸಿದ ಫ್ರಾನ್ಸ್‌ನ ಕಥೆಯನ್ನೂ ಪೂರ್ತಿ ನೋಡಬೇಕು. ಅಲ್ಲಿಯ ಕಾನೂನು 2010ರ ಅಕ್ಟೋಬರಿನಲ್ಲಿ ಅಂಗೀಕಾರವಾಗಿ 2011ರ ಏಪ್ರಿಲ್ 11ರಿಂದ ಜಾರಿಗೆ ಬಂತು, ದಂಡ 150 ಯೂರೋವರೆಗೆ. ಆಗ ಇಡೀ ಫ್ರಾನ್ಸ್‌ನಲ್ಲಿ ಮುಖ ಮುಚ್ಚುತ್ತಿದ್ದ ಮಹಿಳೆಯರು ಸುಮಾರು 1,900 ಎಂದು ಅಲ್ಲಿಯ ಅಧಿಕೃತ ಅಂದಾಜಿತ್ತು. ಕಾನೂನನ್ನು ಪ್ರಶ್ನಿಸಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದ ಯುವತಿ, ಬ್ಯಾಂಕಿನಲ್ಲಿ, ವಿಮಾನ ನಿಲ್ದಾಣದಲ್ಲಿ, ಗುರುತಿನ ತಪಾಸಣೆಯಲ್ಲಿ ಮುಖ ತೋರಿಸಲು ತನ್ನ ಅಭ್ಯಂತರವಿಲ್ಲವೆಂದು ಮೊದಲೇ ಹೇಳಿದ್ದಳು. 2014ರ ಜುಲೈ 1ರ ತೀರ್ಪಿನಲ್ಲಿ ನ್ಯಾಯಾಲಯ ನಿಷೇಧವನ್ನು 15-2ರ ಬಹುಮತದಿಂದ ಎತ್ತಿಹಿಡಿಯಿತು, ನಿಜ; ಆದರೆ ಭದ್ರತೆಯ ಕಾರಣಕ್ಕಲ್ಲ. ಭದ್ರತೆಗೆ ಸಾರಾಸಗಟು ನಿಷೇಧ ಅಗತ್ಯಕ್ಕೆ ಮೀರಿದ್ದು, ಬೇಕಾದಾಗ ಮುಖ ತೋರಿಸಿ ಎಂದರೆ ಸಾಕು ಎಂದು ಆ ನ್ಯಾಯಾಲಯವೇ ಹೇಳಿ, ಸಮಾಜದಲ್ಲಿ ಒಟ್ಟಾಗಿ ಬಾಳಲು ಮುಖ ಕಾಣಬೇಕೆಂಬ ಸರ್ಕಾರದ ಇನ್ನೊಂದು ವಾದವನ್ನು ಒಪ್ಪಿಕೊಂಡಿತು. 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇದಕ್ಕೆ ವಿರುದ್ಧವಾಗಿ, ಇಬ್ಬರು ಮಹಿಳೆಯರ ಹಕ್ಕನ್ನು ಫ್ರಾನ್ಸ್ ಉಲ್ಲಂಘಿಸಿದೆ ಎಂದಿತು. 'ಮುಖ ಕಾಣದವರ ಜೊತೆ ಬಾಳುವುದು ನಮಗೆ ಒಗ್ಗುವುದಿಲ್ಲ' ಎನ್ನುವವರು ಅದನ್ನೇ ನೇರವಾಗಿ ಹೇಳಿ ವಾದಿಸಲಿ. ಅದೂ ಒಂದು ವಾದವೇ. ಅದಕ್ಕೆ ಭದ್ರತೆಯ ಅಂಗಿ ತೊಡಿಸುವುದು ಬೇಡ.

ಧಾರ್ಮಿಕ ಸ್ವಾತಂತ್ರ್ಯದ ಕಡೆಯವರಿಗೂ ಒಂದು ಮಾತು ಹೇಳಬೇಕಾಗಿದೆ. ಸಂವಿಧಾನದ 25ನೇ ವಿಧಿ ಕೊಡುವ ಸ್ವಾತಂತ್ರ್ಯ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟದ್ದು. ಮುಖ ಮುಚ್ಚುವುದು ಕಡ್ಡಾಯವೇ ಎಂಬುದರಲ್ಲಿ ಮುಸ್ಲಿಮರಲ್ಲಿಯೇ ಒಮ್ಮತವಿಲ್ಲ. ಹಜ್ ಯಾತ್ರೆಯ ಇಹ್ರಾಮಿನಲ್ಲಿ, ಅಂದರೆ ಯಾತ್ರೆಯ ವ್ರತಸ್ಥಿತಿಯಲ್ಲಿ ಇರುವ ಮಹಿಳೆ ನಖಾಬ್ ಧರಿಸುವಂತಿಲ್ಲ, 2019ರಲ್ಲಿ ಕೇರಳದ ಮುಸ್ಲಿಂ ಎಜುಕೇಷನಲ್ ಸೊಸೈಟಿ ತನ್ನ ಸಂಸ್ಥೆಗಳಲ್ಲಿ ಮುಖಪರದೆಯನ್ನು ತಾನಾಗಿಯೇ ನಿಲ್ಲಿಸಿತು. ಆದರೂ, ಯಾವುದು ಧರ್ಮದ ಅತ್ಯಗತ್ಯ ಆಚರಣೆ ಎಂದು ನ್ಯಾಯಮೂರ್ತಿಗಳು ಗ್ರಂಥ ತೆರೆದು ನಿರ್ಧರಿಸುವ ಪದ್ಧತಿ ನನಗೆ ಹಿಡಿಸಿದ್ದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೇಲೆ ಕೇಳಬೇಕಾದ ಪ್ರಶ್ನೆ ಸರಳವಾಗಿದೆ: ಸರ್ಕಾರದ ಉದ್ದೇಶ ನ್ಯಾಯವಾದದ್ದೇ, ಅದಕ್ಕೆ ಈ ನಿರ್ಬಂಧ ಬೇಕೇ ಬೇಕೇ, ಇದಕ್ಕಿಂತ ಹಗುರವಾದ ಉಪಾಯವಿಲ್ಲವೇ? ಹಗುರವಾದ ಉಪಾಯ ಮತಗಟ್ಟೆಯ ಮೂಲೆಯಲ್ಲಿ ನಡೆಯುತ್ತಲೇ ಇದೆ.

ನಿಷೇಧದ ಪರವಾಗಿ ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚುವ ವಾದ ಬಲವಂತದ್ದು. ನಮ್ಮೂರಿನಲ್ಲಿ ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ದುಡಿಯುವ ಮುಸ್ಲಿಂ ಹೆಂಗಸರು ಮುಖ ಮುಚ್ಚಿದ್ದನ್ನು ನಾನು ಕಂಡದ್ದು ಕಡಿಮೆ. ನಾನು ಕಂಡಂತೆ ನಖಾಬ್ ಹೆಚ್ಚಿದ್ದು ಸ್ವಲ್ಪ ಅನುಕೂಲಸ್ಥರ ಮನೆಗಳಲ್ಲಿ, ಓದುವ ಹುಡುಗಿಯರಲ್ಲಿ. ಅವರಲ್ಲಿ ಇಷ್ಟಪಟ್ಟು ಧರಿಸುವವರೂ ಇದ್ದಾರೆ, ಅಣ್ಣನಿಗೋ ಓಣಿಯವರ ಬಾಯಿಗೋ ಹೆದರಿ ಧರಿಸುವವರೂ ಇದ್ದಾರೆ. ಕೆಲವರಿಗಂತೂ ಇವೆರಡನ್ನು ಬೇರ್ಪಡಿಸಿ ಹೇಳುವುದೇ ಕಷ್ಟ, ಸೆರಗು ಹೊದ್ದೇ ಬೆಳೆದ ನನ್ನ ಪೀಳಿಗೆಯ ನಮಗೆ ಕಷ್ಟವಾಗುವಂತೆಯೇ. ಬಲವಂತ ಮಾಡಿದವನಿಗೆ ಒಂದು ವರ್ಷದ ಸೆರೆ ಮತ್ತು 30,000 ಯೂರೋ ದಂಡ ವಿಧಿಸಬಹುದೆಂಬ ಕಲಮು ಆ ಫ್ರೆಂಚ್ ಕಾನೂನಿನಲ್ಲಿದೆ, ಅದನ್ನು ನಾನು ಮೆಚ್ಚುತ್ತೇನೆ. ಆದರೆ ಬಲವಂತಕ್ಕೆ ಒಳಗಾದವಳಿಗೇ ದಂಡ ಹಾಕುವ ಕಲಮಿನಿಂದ ಅವಳಿಗೆ ಯಾವ ಬಿಡುಗಡೆ ಸಿಗುತ್ತದೆ? ಮುಖ ತೆರೆದು ಹೋಗಬೇಕೆಂದರೆ ಕಾಲೇಜೇ ಬೇಡ ಎನ್ನುವ ತಂದೆಯ ಮನೆಯಲ್ಲಿ ನಿಷೇಧ ಬಂದ ಮರುದಿನ ಬೀಗ ಬೀಳುವುದು ಮಗಳ ಓದಿಗೆ. ಅಂಥ ಹುಡುಗಿಗೆ ಹಾಸ್ಟೆಲು, ವಿದ್ಯಾರ್ಥಿವೇತನ, ಕೈಗೊಂದು ನೌಕರಿ ಮಾಡಿಕೊಡುವಷ್ಟನ್ನು ದಂಡ ಎಂದೂ ಮಾಡುವುದಿಲ್ಲ.

ನಿಯಮ ಬಿಗಿ ಮಾಡಲೇಬೇಕೆಂದಿದ್ದರೆ ಎಲ್ಲರಿಗೂ ಒಂದೇ ಆಗಿರಲಿ. ಬ್ಯಾಂಕು, ಎಟಿಎಂ, ಚಿನ್ನದಂಗಡಿ, ಪರೀಕ್ಷಾ ಕೊಠಡಿಗಳ ಬಾಗಿಲಲ್ಲಿ ಹೆಲ್ಮೆಟ್ಟು, ಮಾಸ್ಕು, ನಮ್ಮೂರಿನ ಪಿ.ಬಿ. ರಸ್ತೆಯ ಧೂಳಿಗೆಂದು ಸ್ಕೂಟಿ ಹುಡುಗಿಯರು ಸುತ್ತಿಕೊಳ್ಳುವ ದುಪಟ್ಟಾ, ನಖಾಬ್ ಎಲ್ಲವೂ ಸರಿಯಬೇಕು. ನಖಾಬಿನವರು ಮಹಿಳಾ ಸಿಬ್ಬಂದಿಯ ಮುಂದೆ ತೆಗೆಯಲು ಅವಕಾಶ ಬೇಕು ಎಂದರೆ ಆ ಸಿಬ್ಬಂದಿಯೂ ಅಲ್ಲಿರಬೇಕಲ್ಲ. ನೇಮಕಾತಿಯ ವೇಳೆಗೆ ಈ ವಿಷಯ ಯಾರಿಗೂ ನೆನಪಾಗುವುದಿಲ್ಲ. ನಿಮ್ಮ ಊರಿನ ಬ್ಯಾಂಕ್ ಶಾಖೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಪರೀಕ್ಷಾ ಕೇಂದ್ರದಲ್ಲಿ ಆ ಕೆಲಸಕ್ಕೆ ಮಹಿಳೆಯೊಬ್ಬರು ಇದ್ದಾರೆಯೇ ಎಂದು ಮೊದಲು ವಿಚಾರಿಸಿ ನೋಡಿ.