ಮಗ್ಗಿಗೆ ಧಾಟಿ, ಭಿನ್ನರಾಶಿಗೆ ತಾಳ

ನಾಲ್ಕನೇ ಕ್ಲಾಸಿನ ಮಗನಿಗೆ ಸಿನಿಮಾ ಹಾಡು ಒಂದಕ್ಷರ ತಪ್ಪದೆ ಬರುತ್ತದೆ, ಏಳರ ಮಗ್ಗಿ ಮಾತ್ರ ತಲೆಗೆ ಹತ್ತೋದಿಲ್ಲ, ಓದುವಾಗ ಪಕ್ಕದಲ್ಲಿ ಸಂಗೀತ ಹಾಕಿದರೆ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ ಅಲ್ವಾ ಮೇಡಂ. ಹಾಕೋದು ಬಿಡಿ, ಅವನ ಕೈಲೇ ಹಾಡಿಸಿ.

ಓದುವಾಗ ಮಾತಿರುವ ಹಾಡು ಕೇಳಿಸಿದರೆ ಪುಸ್ತಕದ ಮಾತಿಗೆ ಅದು ಅಡ್ಡ ಬರುತ್ತದೆ. ಮೊಜಾರ್ಟ್ ಕೇಳಿಸಿದರೆ ಮಕ್ಕಳು ಚುರುಕಾಗುತ್ತಾರೆ ಅನ್ನೋ ಮಾತು ಹಬ್ಬಿದ್ದು 1993ರ ಒಂದು ಪುಟ್ಟ ಪ್ರಯೋಗದಿಂದ. ಅದರಲ್ಲಿ ಇದ್ದವರು ಕಾಲೇಜು ವಿದ್ಯಾರ್ಥಿಗಳು, ಅವರಿಗೂ ಆ ಚುರುಕು 10-15 ನಿಮಿಷಕ್ಕಿಂತ ಜಾಸ್ತಿ ಉಳಿಯಲಿಲ್ಲ.

ಈಗ ಮಗ್ಗಿ. ಹೊಸ ರಾಗ ಹುಡುಕಬೇಡಿ, ಅವನಿಗೆ ಆಗಲೇ ಬರುವ ಹಾಡಿನ ಧಾಟಿಯಲ್ಲೇ ಹಾಡಿಸಿ. ಆದರೆ ಏಳಕ್ಕೊಂದು ಧಾಟಿ, ಎಂಟಕ್ಕೆ ಬೇರೆ. ಎರಡಕ್ಕೂ ಒಂದೇ ಆದರೆ ನಡುವೆ ದಾರಿ ತಪ್ಪಿ ಇನ್ನೊಂದಕ್ಕೆ ಹಾರಿಬಿಡುತ್ತಾರೆ. ಹಾಡಿಸುವ ಮೊದಲು ಒಂದೊಂದು ಅಂಕಿಯನ್ನೂ ನೋಡಿಕೊಳ್ಳಿ, ಧಾಟಿಗೆ ಅಂಟಿದ ತಪ್ಪು ಬೇಗ ಬಿಡೋದಿಲ್ಲ.

ಇಲ್ಲಿಗೆ ನಿಲ್ಲಿಸೋರೇ ಜಾಸ್ತಿ. ಆಮೇಲೆ ಏಳೆಂಟ್ಲ ಎಷ್ಟು ಅಂದರೆ ಮಗು ಏಳೊಂದ್ಲ ಏಳರಿಂದ ಗುನುಗುತ್ತಾ ಬರುತ್ತದೆ, ಪರೀಕ್ಷೆಯಲ್ಲಿ ಅಷ್ಟು ಹೊತ್ತು ಎಲ್ಲಿದೆ? ಅದಕ್ಕೆ ಹಾಡು ಬಂದ ಮೇಲೆ ಅದನ್ನು ಒಡೆಯಬೇಕು. ಏಳಾರ್ಲದಿಂದ ಶುರು ಮಾಡಿಸಿ. ನೀವೊಂದು ಸಾಲು, ಅವನೊಂದು ಸಾಲು. ನಡುವೆ ಚಪ್ಪಾಳೆ ತಟ್ಟಿ ನಿಲ್ಲಿಸಿ, ಮುಂದಿನ ಸಾಲನ್ನು ಹಾಡದೆ ಸುಮ್ನೆ ಮಾತಲ್ಲಿ ಹೇಳಲಿ. ಕೊನೆಗೆ ಏಳೆಂಟ್ಲ ಅಂದ ತಕ್ಷಣ ಐವತ್ತಾರು ಬಾಯಿಗೆ ಬಂದರೆ ಧಾಟಿಯನ್ನು ಅಲ್ಲಿಗೇ ಬಿಟ್ಟುಬಿಡಬಹುದು.

ಗ್ರಹಗಳು ಇನ್ನೂ ಸುಲಭ. ಇರೋದೇ ಎಂಟು, ಕರ್ನಾಟಕ ಸಂಗೀತದ ಆದಿತಾಳಕ್ಕೂ ಎಂಟೇ ಎಣಿಕೆ. ಬುಧದಿಂದ ನೆಪ್ಚೂನ್‌ವರೆಗೆ ಎಣಿಕೆಗೊಂದರಂತೆ ಕೂರುತ್ತವೆ. ಒಂಬತ್ತು ಗ್ರಹಗಳ ಹಳೇ ಹಾಡು ಸಿಕ್ಕಿದರೆ ಬಿಡಿ, ಪ್ಲೂಟೋವನ್ನು 2006ರಲ್ಲೇ ಆ ಪಟ್ಟಿಯಿಂದ ತೆಗೆದಿದ್ದಾರೆ.

ಇವೆಲ್ಲ ಬಾಯಿಪಾಠದ ಕೆಲಸ. ನನ್ನ ಕೇಳಿದರೆ ಸಂಗೀತ ನಿಜವಾಗಿ ಉಪಯೋಗಕ್ಕೆ ಬರೋದು ಭಿನ್ನರಾಶಿಗೆ. ನಾಲ್ಕು ಮೂರಕ್ಕಿಂತ ದೊಡ್ಡದು, ಹಾಗಾಗಿ 1/4 ಕೂಡ 1/3ಕ್ಕಿಂತ ದೊಡ್ಡದು ಅಂತ ಎಷ್ಟೋ ಮಕ್ಕಳು ಅಂದುಕೊಂಡಿರುತ್ತಾರೆ. ನೀವು ಒಂದೇ ವೇಗದಲ್ಲಿ ಮೇಜು ತಟ್ಟುತ್ತಾ ಇರಿ. ಒಂದು ಪೆಟ್ಟಿನಿಂದ ಇನ್ನೊಂದು ಪೆಟ್ಟಿನೊಳಗೆ ಅವನು ಮೊದಲು 'ತಕಿಟ' ಅನ್ನಲಿ, ಆಮೇಲೆ ಅಷ್ಟೇ ಜಾಗದಲ್ಲಿ 'ತಕಧಿಮಿ'. ನಾಲ್ಕು ಹಿಡಿಸಬೇಕಾದರೆ ಒಂದೊಂದನ್ನೂ ಚುಟುಕಾಗಿಸಬೇಕು ಅಂತ ನಾಲಿಗೆಗೇ ಗೊತ್ತಾಗುತ್ತದೆ. ಆಗ ಕಾಗದದ ಮೇಲೆ 1/3, 1/4 ಬರೆದು ತೋರಿಸಿ. ಮೊದಲೇ ಬರೆಯಬೇಡಿ.

ಇದನ್ನೇ ಸ್ವಲ್ಪ ತಿರುಗಿಸಿದರೆ ಲ.ಸಾ.ಅ., ಅಂದರೆ ಎರಡು ಸಂಖ್ಯೆಗಳ ಮಗ್ಗಿಯಲ್ಲೂ ಬರುವ ಅತಿ ಚಿಕ್ಕ ಸಂಖ್ಯೆ. ಈ ಸಲ ಅಕ್ಷರದ ವೇಗ ಇಬ್ಬರಿಗೂ ಒಂದೇ. ನೀವು ತಕಿಟ ಹೇಳುತ್ತಾ ಹೋಗಿ, ಅವನು ತಕಧಿಮಿ. ಇಬ್ಬರೂ 'ತ' ಬಂದಾಗೆಲ್ಲ ತಟ್ಟಿ. ಒಟ್ಟಿಗೆ ಶುರು ಮಾಡಿದ ಮೇಲೆ ಮತ್ತೆ ಇಬ್ಬರ ತಟ್ಟೂ ಒಟ್ಟಿಗೆ ಬೀಳೋದು 12 ಅಕ್ಷರ ಮುಗಿದ ಮೇಲೇ. ಮುಂದಿನ ತರಗತಿಗಳಲ್ಲಿ ಭಾಮಿನಿ ಷಟ್ಪದಿ ಅನ್ನೋ ಆರು ಸಾಲಿನ ಪದ್ಯ ಬಂದಾಗಲೂ ಇದೇ ಕೈ ತಟ್ಟೋದು ಸಾಕು, ಮೂರು-ನಾಲ್ಕು ಮೂರು-ನಾಲ್ಕು ಮಾತ್ರೆ ಕಿವಿಗೇ ಸಿಗುತ್ತದೆ.

ಹಾಡೋಕೆ ನಾಚಿಕೊಂಡರೆ ಒತ್ತಾಯ ಬೇಡ, ಬರೀ ತಟ್ಟಲಿ. ಅರ್ಧ ಗಂಟೆ ಕೂರಿಸೋಕೂ ಹೋಗಬೇಡಿ, ದಿನಾ ಐದು ನಿಮಿಷ ಸಾಕು. ಈ ವಾರ ಏಳರ ಮಗ್ಗಿ ಒಂದನ್ನೇ ಹಿಡಿಯಿರಿ, ಎಲ್ಲಿ ಸಿಕ್ಕಿಕೊಂಡ ಅಂತ ಇಲ್ಲೇ ಬರೆಯಿರಿ, ನೋಡೋಣ.